ಮೇಷ್ಟ್ರ ಪಾಲು ಎಷ್ಟು?

2025ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಟಿವಿಡೇಲ್‌ನ ಹದಿನಾರು ವರ್ಷದ ಮಕ್ಕಳು ಎಂದಿನಂತೆ ಜಿಸಿಎಸ್‌ಇ ಪರೀಕ್ಷೆ ಬರೆದರು. ಆಗಸ್ಟ್‌ನಲ್ಲಿ ಫಲಿತಾಂಶವೂ ಬಂತು. ಆದರೆ ಮಾಧ್ಯಮಿಕ ಶಾಲೆಗಳ ಬಗ್ಗೆ ಸರ್ಕಾರ ಲೆಕ್ಕ ಹಾಕುತ್ತಿದ್ದ ಒಂದು ಅಂಕಿ ಆ ವರ್ಷ ಇರಲಿಲ್ಲ. 2026ರ ತಂಡಕ್ಕೂ ಅದು ಇಲ್ಲ. ಅದರ ಹೆಸರು ಪ್ರೋಗ್ರೆಸ್ ಏಯ್ಟ್.

ಅಂಕಿ ಕಾಣೆಯಾದ ಕಾರಣವೇ ಈ ಅಧ್ಯಾಯಕ್ಕೆ ಒಳ್ಳೆಯ ಪ್ರವೇಶ. 2016ರಲ್ಲಿ ಬಳಕೆಗೆ ಬಂದ ಪ್ರೋಗ್ರೆಸ್ ಏಯ್ಟ್, ಮಗು ಹದಿನಾರಕ್ಕೆ ಎಷ್ಟು ಅಂಕ ಪಡೆಯಿತು ಎಂದಷ್ಟೇ ಕೇಳುವುದಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ, ಪ್ರಾಥಮಿಕ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಇದೇ ಮಟ್ಟದಲ್ಲಿದ್ದ ದೇಶದ ಉಳಿದ ಮಕ್ಕಳು ಈಗ ಎಲ್ಲಿದ್ದಾರೆ, ಈ ಮಗು ಎಲ್ಲಿದೆ ಎಂದು ಹೋಲಿಸುತ್ತದೆ. ಆ ವ್ಯತ್ಯಾಸಗಳ ಸರಾಸರಿಯೇ ಶಾಲೆಯ ಅಂಕಿ. ಸೊನ್ನೆ ಎಂದರೆ ದೇಶದ ಸರಾಸರಿಯಷ್ಟೇ ಮುನ್ನಡೆ. ಸೊನ್ನೆಗಿಂತ ಅರ್ಧ ಹೆಚ್ಚಿದ್ದರೆ ಪ್ರತಿ ವಿಷಯದಲ್ಲೂ ಅರ್ಧ ದರ್ಜೆಯಷ್ಟು ಹೆಚ್ಚಿನ ಮುನ್ನಡೆ. ಆದರೆ 2025, 2026ರ ತಂಡಗಳು ಹನ್ನೊಂದು ಮುಟ್ಟಿದ 2020 ಮತ್ತು 2021ರಲ್ಲಿ ಕೋವಿಡ್‌ನಿಂದಾಗಿ ಹನ್ನೊಂದರ ಪರೀಕ್ಷೆ ನಡೆಯಲೇ ಇಲ್ಲ. ಹೊರಟ ಜಾಗ ಗೊತ್ತಿಲ್ಲದ ಮೇಲೆ ಕ್ರಮಿಸಿದ ದೂರ ಹೇಳಲಾಗದು ಎಂದು ಸರ್ಕಾರ ಆ ಲೆಕ್ಕವನ್ನೇ ಕೈಬಿಟ್ಟಿತು. ಸರಿಯಾದ ತೀರ್ಮಾನ. ಶಾಲೆಯ ಪಾಲನ್ನೂ ಮೇಷ್ಟ್ರ ಪಾಲನ್ನೂ ಅಳೆಯಲು ವಿಜ್ಞಾನಿಗಳು ಅರವತ್ತು ವರ್ಷಗಳಿಂದ ಪಡುತ್ತಿರುವ ಪಾಡೆಲ್ಲ ಈ ಹೊರಟ ಜಾಗವನ್ನು ಹುಡುಕುವುದರಲ್ಲೇ ಇದೆ.

ಟಿವಿಡೇಲ್ ಇರುವುದು ಬರ್ಮಿಂಗ್‌ಹ್ಯಾಮ್‌ನ ಪಶ್ಚಿಮಕ್ಕೆ, ಓಲ್ಡ್‌ಬರಿ, ಟಿಪ್ಟನ್, ಡಡ್ಲಿಗಳ ನಡುವೆ, ಸ್ಯಾಂಡ್‌ವೆಲ್ ಆಡಳಿತಕ್ಕೆ ಸೇರಿ. ಕಲ್ಲಿದ್ದಲು, ಕಬ್ಬಿಣ, ಕಾಲುವೆಗಳಿಂದ ಬೆಳೆದ ಬ್ಲ್ಯಾಕ್ ಕಂಟ್ರಿಯ ಭಾಗ. ಬ್ರಿಟನ್ನಿನ ಕನ್ನಡಿಗರಿಗೆ ಈ ಊರು ಗೊತ್ತಿರುವುದು 2006ರಲ್ಲಿ ಪ್ರತಿಷ್ಠಾಪನೆಯಾದ ಬಾಲಾಜಿ ದೇವಸ್ಥಾನದಿಂದ. ಮಿಡ್‌ಲ್ಯಾಂಡ್ಸ್‌ನ ಕನ್ನಡ ಕುಟುಂಬಗಳಲ್ಲಿ ಬಹಳಷ್ಟು ಮಂದಿ ವೈದ್ಯರು, ನರ್ಸ್‌ಗಳು, ಸಾಫ್ಟ್‌ವೇರ್ ಕೆಲಸದವರು. ಇಂಥ ಮನೆಯ ಮಗು ಒಳ್ಳೆಯ ದರ್ಜೆ ತಂದರೆ ಅದರ ಶ್ರೇಯ ಯಾರದ್ದು? ಸಂಜೆ ಪಕ್ಕದಲ್ಲಿ ಕೂತು ಲೆಕ್ಕ ಹೇಳಿಕೊಟ್ಟ ಅಪ್ಪನದ್ದೋ, ಬರ್ಮಿಂಗ್‌ಹ್ಯಾಮ್‌ನ ಕಿಂಗ್ ಎಡ್ವರ್ಡ್ ಗ್ರಾಮರ್ ಶಾಲೆಗಳ ಪ್ರವೇಶ ಪರೀಕ್ಷೆಗೆಂದು ಒಂಬತ್ತನೇ ವಯಸ್ಸಿನಿಂದ ಕಳಿಸಿದ ಟ್ಯೂಷನ್‌ನದ್ದೋ, ತರಗತಿಯ ಟೀಚರದ್ದೋ? ಎಲ್ಲವೂ ಒಂದೇ ಮಗುವಿನ ತಲೆಯೊಳಗೆ ಬೆರೆತುಹೋಗಿವೆ.

ಇದೇ ಗೋಜಲು ನಮ್ಮಲ್ಲಿ ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. 2024ರಲ್ಲಿ ಉಡುಪಿ ಶೇ 94ರೊಂದಿಗೆ ಮೊದಲ ಸ್ಥಾನ, ಯಾದಗಿರಿ ಶೇ 50ರ ಆಸುಪಾಸಿನಲ್ಲಿ ಕೊನೆಯ ಸ್ಥಾನ. ಪಟ್ಟಿ ಬಂದೊಡನೆ ಕೊನೆಯ ಜಿಲ್ಲೆಯ ಅಧಿಕಾರಿಗಳಿಗೆ ನೋಟಿಸು, ಮೇಷ್ಟ್ರುಗಳಿಗೆ ಬೈಗುಳ. ಉಡುಪಿಯ ಮೇಷ್ಟ್ರು ಯಾದಗಿರಿಯವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಚೆನ್ನಾಗಿ ಕಲಿಸುತ್ತಾರೆಂದು ಈ ಪಟ್ಟಿ ಹೇಳುತ್ತದೆಯೇ? ಖಂಡಿತ ಇಲ್ಲ. ಉಡುಪಿಯ ಮಗುವಿನ ತಾಯಿ ಓದಿದವಳಾಗಿರುವ ಸಂಭವ ಹೆಚ್ಚು. ಯಾದಗಿರಿಯ ಮಗು ಹತ್ತಿ ಬಿಡಿಸುವ ಹಂಗಾಮಿನಲ್ಲಿ ಶಾಲೆ ಬಿಟ್ಟಿರುವ ಸಂಭವ ಹೆಚ್ಚು. ಶೇಕಡಾವಾರು ಫಲಿತಾಂಶದಲ್ಲಿ ಹೊರಟ ಜಾಗಕ್ಕೆ ಲೆಕ್ಕವೇ ಇಲ್ಲ. ಅಂಥ ಅಂಕಿಯನ್ನು ಮುಂದಿಟ್ಟುಕೊಂಡು ಮೇಷ್ಟ್ರನ್ನು ತೂಗುವುದು ಅನ್ಯಾಯ, ಅಳತೆಯಾಗಿಯೂ ತಪ್ಪು.

ಮೊದಲ ದೊಡ್ಡ ಅಳತೆ ನಡೆದದ್ದು ಅಮೆರಿಕದಲ್ಲಿ. 1964ರ ನಾಗರಿಕ ಹಕ್ಕುಗಳ ಕಾಯಿದೆಯ ಆದೇಶದಂತೆ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್‌ರ ತಂಡ ಸುಮಾರು 4,000 ಶಾಲೆಗಳ 6 ಲಕ್ಷದಷ್ಟು ಮಕ್ಕಳನ್ನು ಪರೀಕ್ಷಿಸಿ 1966ರಲ್ಲಿ ವರದಿ ಕೊಟ್ಟಿತು. ಕರಿಯ ಮಕ್ಕಳ ಶಾಲೆಗಳಿಗೆ ಕಟ್ಟಡ, ಪುಸ್ತಕ, ಪ್ರಯೋಗಾಲಯ ಕಡಿಮೆ. ಅದರಿಂದಲೇ ಅಂಕವೂ ಕಡಿಮೆ ಎಂಬ ಉತ್ತರ ಬರುತ್ತದೆಂದು ಎಲ್ಲರೂ ಕಾದಿದ್ದರು. ಬಂದ ಉತ್ತರ ಬೇರೆ. ಮಕ್ಕಳ ಅಂಕಗಳಲ್ಲಿ ಕಂಡ ಅಂತರದಲ್ಲಿ ಬಹುಭಾಗ ಮನೆಯ ಹಿನ್ನೆಲೆಗೆ ಸೇರಿತ್ತು, ಶಾಲೆಯ ಸೌಕರ್ಯಗಳಿಗೆ ಸಿಕ್ಕಿದ್ದು ಅತ್ಯಲ್ಪ. ಶಾಲೆಯಿಂದ ಏನೂ ಆಗುವುದಿಲ್ಲ ಎಂಬ ನಿರಾಶೆ ಆಗ ಹಬ್ಬಿತು. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು: ಶಾಲೆಗೆ ಸಂಬಂಧಿಸಿದ ಅಂಶಗಳ ಪೈಕಿ ಕಟ್ಟಡ, ಖರ್ಚುಗಳಿಗಿಂತ ಹೆಚ್ಚು ತೂಕ ಶಿಕ್ಷಕರದ್ದು. ಅದನ್ನು ಗಮನಿಸಿದವರು ಕಡಿಮೆ.

ಕೋಲ್ಮನ್ ಲೆಕ್ಕದಲ್ಲಿ ಒಂದು ದೊಡ್ಡ ಕೊರತೆ ಇತ್ತು. ಅದು ಒಂದು ಶಾಲೆಯ ಮೇಷ್ಟ್ರುಗಳನ್ನೆಲ್ಲ ಸೇರಿಸಿ ಸರಾಸರಿ ತೆಗೆದಿತ್ತು. ನಮ್ಮ ಯಾವುದೇ ಊರಿನ ಹಿರಿಯ ಪ್ರಾಥಮಿಕ ಶಾಲೆಯ ಬಾಗಿಲಲ್ಲಿ ನಿಂತು ಕೇಳಿ: ನಾಲ್ಕನೆಯ ಕ್ಲಾಸಿನ ಮೇಡಂ ಪಾಠ ಹೇಗೆ, ಐದನೆಯ ಕ್ಲಾಸಿನ ಮೇಷ್ಟ್ರದ್ದು ಹೇಗೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಒಂದೇ ಶಾಲೆಯ ಎರಡು ಕೋಣೆಗಳ ನಡುವಿನ ಆ ಅಂತರ, ಎರಡು ಶಾಲೆಗಳ ನಡುವಿನ ಅಂತರಕ್ಕಿಂತ ಎಷ್ಟೋ ಸಲ ದೊಡ್ಡದು. ಸರಾಸರಿ ತೆಗೆದೊಡನೆ ಅದು ಅಳಿಸಿಹೋಗುತ್ತದೆ.

ತರಗತಿಯ ಕೋಣೆಯನ್ನೇ ಮರೆತರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನಲ್ಲಿ ಪ್ರಸಿದ್ಧ ಉದಾಹರಣೆಯೊಂದಿದೆ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ನೆವಿಲ್ ಬೆನೆಟ್ 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 37 ಪ್ರಾಥಮಿಕ ಶಿಕ್ಷಕರೂ ಅವರ 900ಕ್ಕೂ ಹೆಚ್ಚು ಮಕ್ಕಳೂ ಇದ್ದರು. ಶಿಸ್ತಿನ ಹಳೆಯ ಪದ್ಧತಿಯಲ್ಲಿ ಕಲಿಸುವವರ ಮಕ್ಕಳು, ಮಕ್ಕಳ ಇಚ್ಛೆಗೆ ಹೆಚ್ಚು ಬಿಡುವವರ ಮಕ್ಕಳಿಗಿಂತ ಮುಂದಿದ್ದಾರೆ ಎಂದು ಅದು ಹೇಳಿತು. ಪತ್ರಿಕೆ, ದೂರದರ್ಶನ, ರಾಜಕಾರಣ ಎಲ್ಲ ಕಡೆ ಗದ್ದಲ. ಕೆಲವು ವರ್ಷಗಳ ಬಳಿಕ ಸಂಖ್ಯಾಶಾಸ್ತ್ರಜ್ಞ ಮರ್ರೆ ಏಟ್ಕಿನ್, ಬೆನೆಟ್ಟರೊಂದಿಗೇ ಸೇರಿ ಅದೇ ಮಾಹಿತಿಯನ್ನು ಮತ್ತೆ ಲೆಕ್ಕ ಹಾಕಿದರು. ಮೊದಲಿನ ಲೆಕ್ಕ ಪ್ರತಿ ಮಗುವನ್ನೂ ಸ್ವತಂತ್ರ ಸಾಕ್ಷಿ ಎಂದು ಎಣಿಸಿತ್ತು. ಆದರೆ ಒಂದೇ ತರಗತಿಯ ಇಪ್ಪತ್ತೈದು ಮಕ್ಕಳು ಒಬ್ಬರೇ ಮೇಷ್ಟ್ರ ಪಾಠ ಕೇಳಿದವರು. ಪದ್ಧತಿಯ ಬಗ್ಗೆ ಅವರೆಲ್ಲ ಸೇರಿ ಹೇಳುವುದು ಹೆಚ್ಚುಕಡಿಮೆ ಒಂದೇ ಸಾಕ್ಷಿ. ಈ ಮಾತನ್ನು ಲೆಕ್ಕದೊಳಗೆ ತಂದಾಗ ಪದ್ಧತಿಗಳ ನಡುವಿನ ಅಂತರ ನಿಲ್ಲಲಿಲ್ಲ. ಉಳಿದದ್ದು ಮೇಷ್ಟ್ರಿಂದ ಮೇಷ್ಟ್ರಿಗೆ ಇದ್ದ ಅಂತರ.

ಈ ಪ್ರಸಂಗ ನನಗೆ ಬಹಳ ಮುಖ್ಯವೆನಿಸುತ್ತದೆ. ತಮ್ಮ ಹೆಸರನ್ನು ದೇಶಕ್ಕೆಲ್ಲ ಗೊತ್ತು ಮಾಡಿದ ತೀರ್ಮಾನವನ್ನು ಒರೆಗೆ ಹಚ್ಚಲು ಬೆನೆಟ್ ತಾವೇ ಕೈಜೋಡಿಸಿದರು. ಮಗು ತರಗತಿಯೊಳಗೆ, ತರಗತಿ ಶಾಲೆಯೊಳಗೆ ಎಂದು ಹಂತಹಂತವಾಗಿ ಲೆಕ್ಕ ಹಾಕುವ ಬಹುಸ್ತರ ವಿಧಾನವನ್ನು ಮುಂದೆ ಏಟ್ಕಿನ್, ಲಂಡನ್ನಿನ ಹಾರ್ವಿ ಗೋಲ್ಡ್‌ಸ್ಟೀನ್ ಮೊದಲಾದವರು ಬೆಳೆಸಿದರು. ಇಂದು ಜಗತ್ತಿನ ಎಲ್ಲೆಡೆ ಶಾಲೆಗಳ ಅಧ್ಯಯನ ನಡೆಯುವುದು ಆ ಅಡಿಪಾಯದ ಮೇಲೆ.

ಆದರೂ ಹೊರಟ ಜಾಗದ ತೊಡಕು ಪೂರ್ತಿ ಹೋಗಲಿಲ್ಲ. ಹೆಡ್ಮಾಸ್ಟರು ಮಕ್ಕಳನ್ನು ಚೀಟಿ ಎತ್ತಿ ಹಂಚುವುದಿಲ್ಲ. ಪಕ್ವ ಮೇಷ್ಟ್ರಿಗೆ ತುಂಟರನ್ನು ಒಪ್ಪಿಸುತ್ತಾರೆ. ಪ್ರಭಾವಿ ಪೋಷಕರು ತಮ್ಮ ಮಗುವನ್ನು ಇಷ್ಟದ ಸೆಕ್ಷನ್ನಿಗೆ ಹಾಕಿಸಿಕೊಳ್ಳುತ್ತಾರೆ. ಅರ್ಥಶಾಸ್ತ್ರಜ್ಞ ಜೆಸ್ಸಿ ರಾಥ್‌ಸ್ಟೀನ್ 2010ರಲ್ಲಿ ಇದನ್ನು ಚುರುಕಾಗಿ ಬಯಲಿಗೆಳೆದರು. ನಾರ್ತ್ ಕ್ಯಾರೊಲಿನಾದ ಮಾಹಿತಿಗೆ ಚಾಲ್ತಿಯಲ್ಲಿದ್ದ ಸೂತ್ರ ಹಾಕಿ ನೋಡಿದಾಗ, ಐದನೆಯ ತರಗತಿಯ ಶಿಕ್ಷಕರು ಅದೇ ಮಕ್ಕಳ ನಾಲ್ಕನೆಯ ತರಗತಿಯ ಕಲಿಕೆಯನ್ನೂ ಹೆಚ್ಚಿಸಿದಂತೆ ಕಂಡಿತು. ಮುಂದಿನ ವರ್ಷದ ಮೇಷ್ಟ್ರು ಹಿಂದಿನ ವರ್ಷದ ಪಾಠ ಮಾಡಲಾರರು. ಅಂದರೆ ಸೂತ್ರ ಅಳೆದದ್ದರಲ್ಲಿ ಒಂದು ಪಾಲು ಮೇಷ್ಟ್ರದ್ದಲ್ಲ, ಮಕ್ಕಳನ್ನು ಹಂಚಿದ ರೀತಿಯದ್ದು.

ಇದಕ್ಕೆ ನೇರ ಪರಿಹಾರ ಚೀಟಿ ಎತ್ತುವುದೇ. ಟೆನೆಸಿ ರಾಜ್ಯದಲ್ಲಿ 1985ರಿಂದ 1989ರವರೆಗೆ 79 ಶಾಲೆಗಳಲ್ಲಿ ಸ್ಟಾರ್ ಎಂಬ ಪ್ರಯೋಗ ನಡೆದಿತ್ತು. 13ರಿಂದ 17 ಮಕ್ಕಳ ಚಿಕ್ಕ ತರಗತಿ ಮತ್ತು 22ರಿಂದ 25 ಮಕ್ಕಳ ಮಾಮೂಲಿ ತರಗತಿ ಎರಡನ್ನೂ ಮಾಡಿ, ಯಾವ ಮಗು ಎಲ್ಲಿಗೆ, ಯಾವ ಟೀಚರ್ ಎಲ್ಲಿಗೆ ಎಂಬುದನ್ನು ಯಾದೃಚ್ಛಿಕವಾಗಿ ನಿರ್ಧರಿಸಿದರು. ಉದ್ದೇಶ ತರಗತಿಯ ಗಾತ್ರದ ಪರಿಣಾಮ ತಿಳಿಯುವುದು. ಚಿಕ್ಕ ತರಗತಿಯಿಂದ ಲಾಭವಾದದ್ದೂ ಕಂಡಿತು. 2004ರಲ್ಲಿ ಬಾರ್ಬರಾ ನೈ ಮತ್ತು ಸಂಗಡಿಗರು ಅದೇ ಮಾಹಿತಿಯಲ್ಲಿ ಟೀಚರುಗಳ ನಡುವಿನ ಅಂತರವನ್ನು ಹುಡುಕಿದರು. ನೂರು ಮಂದಿ ಟೀಚರುಗಳನ್ನು ಮಕ್ಕಳ ಮುನ್ನಡೆಯ ಕ್ರಮದಲ್ಲಿ ನಿಲ್ಲಿಸಿದರೆ 25ನೆಯವರ ತರಗತಿಗೂ 75ನೆಯವರ ತರಗತಿಗೂ ಇದ್ದ ಅಂತರ, ಚಿಕ್ಕ ತರಗತಿಯಿಂದ ಸಿಕ್ಕ ಲಾಭಕ್ಕಿಂತ ದೊಡ್ಡದಿತ್ತು. ಓದಿಗಿಂತ ಗಣಿತದಲ್ಲಿ ಇನ್ನೂ ದೊಡ್ಡದು.

ಇಂಗ್ಲೆಂಡಿನಲ್ಲಿ ಹೆಲೆನ್ ಸ್ಲೇಟರ್, ನೀಲ್ ಡೇವಿಸ್, ಸೈಮನ್ ಬರ್ಗೆಸ್ 2012ರಲ್ಲಿ ಬೇರೊಂದು ಉಪಾಯ ಹೂಡಿದರು. ಜಿಸಿಎಸ್‌ಇಯಲ್ಲಿ ಒಂದೇ ಮಗು ಇಂಗ್ಲಿಷ್, ಗಣಿತ, ವಿಜ್ಞಾನಗಳನ್ನು ಬೇರೆಬೇರೆ ಟೀಚರುಗಳಿಂದ ಕಲಿಯುತ್ತದೆ. ಮನೆ ಅದೇ, ಅಪ್ಪ ಅಮ್ಮ ಅವರೇ, ಮಗುವಿನ ಶ್ರಮವೂ ಬುದ್ಧಿಯೂ ಅವೇ. ಹಾಗಾದರೆ ಆ ಮಗು ಒಂದು ವಿಷಯದಲ್ಲಿ ನಿರೀಕ್ಷೆ ಮೀರಿ, ಇನ್ನೊಂದರಲ್ಲಿ ನಿರೀಕ್ಷೆಗಿಂತ ಕಡಿಮೆ ಮಾಡಿದ್ದರೆ ಆ ವ್ಯತ್ಯಾಸದಲ್ಲಿ ಟೀಚರ ಪಾಲನ್ನು ಹುಡುಕಬಹುದು. 7 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹೀಗೆ ತಮ್ಮೊಂದಿಗೆ ತಾವೇ ಹೋಲಿಸಿದಾಗ, 25ನೆಯ ಸ್ಥಾನದ ಟೀಚರ ಬದಲು 75ನೆಯ ಸ್ಥಾನದವರು ಸಿಕ್ಕರೆ ಒಂದು ವಿಷಯಕ್ಕೆ ಸುಮಾರು 0.4 ದರ್ಜೆ ಹೆಚ್ಚಾಗುತ್ತದೆ ಎಂದು ತಿಳಿಯಿತು. ಒಂದು ವಿಷಯಕ್ಕೆ ಇದು ಸಣ್ಣದೇ. ಎಂಟು ವಿಷಯಕ್ಕೆ ಕೂಡಿಸಿದರೆ ಮೂರು ದರ್ಜೆ ದಾಟುತ್ತದೆ. ಹದಿನಾರರ ಮಗುವಿಗೆ ಮುಂದಿನ ಕೋರ್ಸ್ ಸಿಗುವುದೋ ಇಲ್ಲವೋ ಎಂಬುದು ಅಷ್ಟರಲ್ಲೇ ತೀರ್ಮಾನವಾಗಬಹುದು.

ಈಗ ಇನ್ನೊಂದು ಅಂಕಿ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2014ರಲ್ಲಿ ಇಂಥ ಅಧ್ಯಯನಗಳನ್ನು ಅವಲೋಕಿಸಿ, ಮಕ್ಕಳ ಪರೀಕ್ಷಾ ಅಂಕಗಳಲ್ಲಿ ಕಾಣುವ ವ್ಯತ್ಯಾಸದ ಪೈಕಿ ಶಿಕ್ಷಕರಿಗೆ ಸೇರುವುದು ಬಹುಪಾಲು ಅಧ್ಯಯನಗಳಲ್ಲಿ ಶೇ 1ರಿಂದ 14 ಎಂದು ಹೇಳಿತು. ಇದನ್ನು ಓದಿದವರು ಕಲಿಕೆಯಲ್ಲಿ ಮೇಷ್ಟ್ರ ಪಾಲು ಹೆಚ್ಚೆಂದರೆ ಶೇ 14, ಉಳಿದ 86 ಮನೆಯದ್ದು ಎಂದು ಬರೆಯುತ್ತಾರೆ. ಈ ಅಧ್ಯಾಯದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದು: ಆ ಓದು ಪೂರ್ತಿ ತಪ್ಪು.

ಒಂದು ಹೋಬಳಿಯ ನೂರು ರಾಗಿ ಹೊಲಗಳಿಗೆ ಆ ವರ್ಷ ಒಂದೇ ಸಮನಾದ ಹದ ಮಳೆ ಬಿತ್ತೆಂದುಕೊಳ್ಳಿ. ಇಳುವರಿ ಮಾತ್ರ ಹೊಲದಿಂದ ಹೊಲಕ್ಕೆ ಬೇರೆ. ವ್ಯತ್ಯಾಸಕ್ಕೆ ಕಾರಣ ಹುಡುಕಿದರೆ ಮಣ್ಣು, ಗೊಬ್ಬರ, ಬಿತ್ತನೆಯ ದಿನ ಸಿಗುತ್ತವೆ. ಮಳೆಯ ಪಾಲು ಸೊನ್ನೆ, ಏಕೆಂದರೆ ಅದು ಎಲ್ಲರಿಗೂ ಒಂದೇ. ಹಾಗೆಂದು ರಾಗಿ ಬೆಳೆಯುವುದರಲ್ಲಿ ಮಳೆಯ ಪಾತ್ರವಿಲ್ಲ ಎನ್ನುವ ರೈತರುಂಟೇ? ಸಂಖ್ಯಾಶಾಸ್ತ್ರ ಸಂಘ ಹೇಳಿದ್ದು ವ್ಯತ್ಯಾಸದ ಪಾಲನ್ನು. ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಒಬ್ಬ ಮೇಷ್ಟ್ರು ಇದ್ದಾರೆ, ಅವರಲ್ಲಿ ಬಹಳಷ್ಟು ಮಂದಿ ಕೆಲಸವನ್ನು ಸರಿಯಾಗಿಯೇ ಮಾಡುತ್ತಾರೆ. ಆದ್ದರಿಂದ ಎಲ್ಲರಿಗೂ ಸಮನಾಗಿ ಸಿಕ್ಕ ಪಾಠ ಆ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ನಾಳೆ ಎಲ್ಲ ಮೇಷ್ಟ್ರೂ ಸಮನಾಗಿ ಅತ್ಯುತ್ತಮರಾದರೆ ಆ ಅಂಕಿ ಸೊನ್ನೆಗೆ ಇಳಿಯುತ್ತದೆ. ಮಕ್ಕಳು ಕಲಿಯುವುದು ಮಾತ್ರ ಎಂದಿಗಿಂತ ಹೆಚ್ಚು.

ಮೇಷ್ಟ್ರು ಇಲ್ಲದೇ ಹೋದರೆ ಏನಾಗುತ್ತದೆಂದು ತಿಳಿಯಲು ಯಾವ ವಿಜ್ಞಾನಿಯೂ ಪ್ರಯೋಗ ಮಾಡಲಾರ. ಕೋವಿಡ್ ಅದನ್ನು ಮಾಡಿತು. ಕರ್ನಾಟಕದಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ ವಿದ್ಯಾಗಮ ಯೋಜನೆಯಲ್ಲಿ ಮೇಷ್ಟ್ರು ಊರೂರಿನ ದೇವಸ್ಥಾನದ ಜಗಲಿ, ಅರಳಿಕಟ್ಟೆಗಳ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದರು. ಅದೂ ನಿಲ್ಲುತ್ತ ನಡೆಯುತ್ತ ಸಾಗಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ನೋಡಿತು. ಹಿಂದೆ ಬರುತ್ತಿದ್ದ ಭಾಷಾ ಕೌಶಲಗಳಲ್ಲಿ ಕನಿಷ್ಠ ಒಂದನ್ನು ಶೇ 92 ಮಕ್ಕಳು ಮರೆತಿದ್ದರು. ಗಣಿತದಲ್ಲಿ ಹಾಗೆ ಮರೆತವರು ಶೇ 82. ಹೊಸದಾಗಿ ಕಲಿಯದೇ ಹೋದದ್ದರ ಲೆಕ್ಕವಲ್ಲ ಇದು, ಬಂದಿದ್ದೇ ಕೈಬಿಟ್ಟು ಹೋದದ್ದರ ಲೆಕ್ಕ. ಅಸರ್ ಸಮೀಕ್ಷೆಯಲ್ಲೂ ಅದೇ ಚಿತ್ರ: ಗ್ರಾಮೀಣ ಕರ್ನಾಟಕದ ಮೂರನೆಯ ತರಗತಿಯಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಐವರಲ್ಲಿ ಒಬ್ಬರ ಹತ್ತಿರ ಇದ್ದದ್ದು 2021ಕ್ಕೆ ಹತ್ತರಲ್ಲಿ ಒಬ್ಬರಾಯಿತು.

ಪ್ರೇಮ್‌ಜಿ ಅಧ್ಯಯನದ ಒಂದು ವಿವರವನ್ನು ಇಲ್ಲಿ ಹೇಳಲೇಬೇಕು. ಶಾಲೆ ಮುಚ್ಚಿದ ದಿನ ಈ ಮಗುವಿಗೆ ಏನೇನು ಬರುತ್ತಿತ್ತು ಎಂಬುದಕ್ಕೆ ದಾಖಲೆಯಿರಲಿಲ್ಲ. ಇಂಗ್ಲೆಂಡಿನ ಪ್ರೋಗ್ರೆಸ್ ಏಯ್ಟ್ ನಿಂತದ್ದು ಇದೇ ಕಾರಣಕ್ಕೆ. ಇಲ್ಲಿ ಸಂಶೋಧಕರು ಆ ಮಕ್ಕಳ ಮೇಷ್ಟ್ರನ್ನೇ ಕೇಳಿದರು. ಒಂದೊಂದು ಮಗುವಿನ ಬಗ್ಗೆಯೂ, ಇವಳಿಗೆ ಕಥೆ ಓದಿ ಹೇಳಲು ಬರುತ್ತಿತ್ತು, ಇವನಿಗೆ ಎರಡಂಕಿ ಕೂಡಿಸಲು ಬರುತ್ತಿತ್ತು ಎಂದು ಮೇಷ್ಟ್ರು ತಿಳಿಸಿದರು. ಹೊರಟ ಜಾಗದ ಮಾಹಿತಿ ಅವರ ತಲೆಯಲ್ಲಿತ್ತು. ಮೇಷ್ಟ್ರ ಕೊಡುಗೆ ಎಂದಾಗ ಪಾಠ ಹೇಳುವುದನ್ನಷ್ಟೇ ನೆನೆಯುತ್ತೇವೆ. ಪ್ರತಿ ಮಗು ಎಲ್ಲಿ ನಿಂತಿದೆ ಎಂಬ ಈ ತಿಳಿವು ಅದರ ಅರ್ಧಕ್ಕಿಂತ ಕಡಿಮೆಯದ್ದಲ್ಲ. ಶಾಲೆ ಮುಚ್ಚಿದಾಗ ಮಕ್ಕಳು ಕಳೆದುಕೊಂಡದ್ದು ಮೇಷ್ಟ್ರನ್ನಷ್ಟೇ ಅಲ್ಲ ಎಂಬುದೂ ನಿಜ. ಬಿಸಿಯೂಟ, ಜೊತೆಗಾರರು, ದಿನದ ಶಿಸ್ತು ಎಲ್ಲ ಒಟ್ಟಿಗೆ ಹೋದವು.

ಹಾಗಾದರೆ ಒಳ್ಳೆಯ ಮೇಷ್ಟ್ರನ್ನು ಮೊದಲೇ ಗುರುತಿಸಬಹುದೇ? ಪದವಿ, ತರಬೇತಿಯ ಪ್ರಮಾಣಪತ್ರ, ಸಂಬಳ ಯಾವುದೂ ಸರಿಯಾಗಿ ಹೇಳುವುದಿಲ್ಲ. ಪಾಕಿಸ್ತಾನದ ಪಂಜಾಬಿನಲ್ಲಿ ನಟಾಲಿ ಬೌ ಮತ್ತು ಜಿಷ್ಣು ದಾಸ್ ನಡೆಸಿದ ಅಧ್ಯಯನ, ಇಂಗ್ಲೆಂಡಿನ ಮೇಲಿನ ಅಧ್ಯಯನ, ಅಮೆರಿಕದ ಹಲವು ಅಧ್ಯಯನ ಎಲ್ಲವೂ ಇದನ್ನೇ ಹೇಳುತ್ತವೆ: ಅರ್ಜಿಯಲ್ಲಿ ತುಂಬುವ ವಿವರಗಳಿಂದ ತಿಳಿಯುವುದು ಅತ್ಯಲ್ಪ. ಅನುಭವ ಮೊದಲ ಕೆಲವು ವರ್ಷ ಸ್ಪಷ್ಟವಾಗಿ ನೆರವಾಗುತ್ತದೆ. ಈ ಕಾರಣಕ್ಕೇ ಪ್ರತಿ ವರ್ಷ ಬದಲಾಗುವ ಅತಿಥಿ ಶಿಕ್ಷಕರ ಮೇಲೆ ಶಾಲೆಗಳನ್ನು ನಡೆಸುವುದು ನನಗೆ ಆತಂಕ ತರುತ್ತದೆ. ಕಲಿಸುವುದನ್ನು ಕಲಿಯುವ ಹೊತ್ತಿಗೆ ಅವರ ಅವಧಿ ಮುಗಿದಿರುತ್ತದೆ.

ಫಲಿತಾಂಶ ನೋಡಿಯೇ ಸಂಬಳ ಕೊಟ್ಟರೆ ಹೇಗೆ ಎಂಬ ಯೋಚನೆ ಹೊಸದಲ್ಲ. ಟಿವಿಡೇಲ್‌ನ ಸುತ್ತ ಗಣಿಗಳು ಭರದಿಂದ ನಡೆಯುತ್ತಿದ್ದ ಕಾಲದಲ್ಲಿ, 1862ರಲ್ಲಿ, ಸರ್ಕಾರದಲ್ಲಿ ಶಿಕ್ಷಣದ ಹೊಣೆ ಹೊತ್ತಿದ್ದ ರಾಬರ್ಟ್ ಲೋ ಇಂಗ್ಲೆಂಡಿನ ಅನುದಾನಿತ ಶಾಲೆಗಳಿಗೆಲ್ಲ ಹೊಸ ನಿಯಮ ತಂದರು. ಹಾಜರಾತಿಗೆ ಮಗುವಿಗೆ 4 ಶಿಲಿಂಗ್. ಇನ್ಸ್‌ಪೆಕ್ಟರ್ ಬಂದು ಓದು, ಬರಹ, ಲೆಕ್ಕ ಪರೀಕ್ಷಿಸಿದಾಗ ತೇರ್ಗಡೆಯಾದರೆ ಇನ್ನೂ 8 ಶಿಲಿಂಗ್, ಒಂದೊಂದು ವಿಷಯದ ಸೋಲಿಗೂ ಅದರಲ್ಲಿ ಕಡಿತ. ಮೇಷ್ಟ್ರು ಏನು ಮಾಡಿದರು? ಪರೀಕ್ಷೆಗೆ ಬರುವ ಪುಸ್ತಕವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. ದುಡ್ಡು ತರದ ಚರಿತ್ರೆ, ಭೂಗೋಳ ಸೊರಗಿದವು. ಕವಿಯೂ ಶಾಲಾ ಇನ್ಸ್‌ಪೆಕ್ಟರೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡ್ ತಮ್ಮ ವರದಿಗಳಲ್ಲಿ ಇದನ್ನು ವರ್ಷವರ್ಷವೂ ವಿರೋಧಿಸಿದರು. ಪದ್ಧತಿ ಕೊನೆಗೊಂಡದ್ದು 1890ರ ದಶಕದಲ್ಲಿ. ಅಷ್ಟರಲ್ಲಿ ಅದು ಹಡಗು ಹತ್ತಿ ನಮ್ಮಲ್ಲಿಗೂ ಬಂದಿತ್ತು: ಬಳ್ಳಾರಿ, ದಕ್ಷಿಣ ಕನ್ನಡಗಳನ್ನು ಒಳಗೊಂಡಿದ್ದ ಮದ್ರಾಸ್ ಪ್ರಾಂತ್ಯದಲ್ಲಿ ಫಲಿತಾಂಶದ ಮೇಲಿನ ಅನುದಾನ ನಡೆಯುತ್ತಿತ್ತು, 1882ರ ಹಂಟರ್ ಶಿಕ್ಷಣ ಆಯೋಗವೂ ಪ್ರಾಥಮಿಕ ಶಾಲೆಗಳಿಗೆ ಅದನ್ನು ಶಿಫಾರಸು ಮಾಡಿತು.

ಇದಕ್ಕೆ ವಿರುದ್ಧವೆನಿಸುವ ಪುರಾವೆಯೂ ಇದೆ, ಅದನ್ನು ಮುಚ್ಚಿಡಬಾರದು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವಿಭಜಿತ ಆಂಧ್ರದ ಹಳ್ಳಿಶಾಲೆಗಳಲ್ಲಿ, ಮಕ್ಕಳ ಮುನ್ನಡೆಗೆ ತಕ್ಕಂತೆ ಮೇಷ್ಟ್ರಿಗೆ ಸಂಬಳದ ಸುಮಾರು ಶೇ 3ರಷ್ಟು ಬೋನಸ್ ಕೊಟ್ಟು ನೋಡಿದರು. ಎರಡು ವರ್ಷದಲ್ಲಿ ಗಣಿತ ಮತ್ತು ಭಾಷೆ ಸುಧಾರಿಸಿದವು. ಬೋನಸ್ಸಿಗೆ ಸೇರಿರದ ವಿಜ್ಞಾನ, ಸಮಾಜ ಪಾಠಗಳೂ ಸುಧಾರಿಸಿದವು. ಇಲ್ಲಿ ಅಳೆದದ್ದು ಪಾಸು ಫೇಲನ್ನಲ್ಲ, ಪ್ರತಿ ಮಗು ತನ್ನ ಹೊರಟ ಜಾಗದಿಂದ ಎಷ್ಟು ಮುಂದೆ ಬಂತು ಎಂಬುದನ್ನು. ಹಿಂದುಳಿದ ಮಗುವನ್ನು ಬಿಟ್ಟುಬಿಡುವುದರಿಂದ ಮೇಷ್ಟ್ರಿಗೆ ಲಾಭವಿರಲಿಲ್ಲ. ಲೋ ಅವರ ನಿಯಮಕ್ಕೂ ಇದಕ್ಕೂ ಇರುವ ನಿಜವಾದ ಅಂತರ ಅದೇ ಎಂಬುದು ನನ್ನ ಅಭಿಪ್ರಾಯ.

ನಮ್ಮಲ್ಲಿ ಮೇಷ್ಟ್ರನ್ನು ದೂರುವಾಗ ಮೊದಲು ಬರುವ ಮಾತು ಗೈರುಹಾಜರಿಯದ್ದು. 2003ರಲ್ಲಿ ದೇಶದ ಸುಮಾರು 3,700 ಶಾಲೆಗಳಿಗೆ ಮುನ್ಸೂಚನೆಯಿಲ್ಲದೆ ಹೋದ ಸಂಶೋಧಕರಿಗೆ ನಾಲ್ವರಲ್ಲಿ ಒಬ್ಬ ಶಿಕ್ಷಕರು ಶಾಲೆಯಲ್ಲಿ ಸಿಗಲಿಲ್ಲ. ಅಜೀಂ ಪ್ರೇಮ್‌ಜಿ ಫೌಂಡೇಶನ್ 2017ರಲ್ಲಿ ಪ್ರಕಟಿಸಿದ ಆರು ರಾಜ್ಯಗಳ 619 ಶಾಲೆಗಳ ಅಧ್ಯಯನ ಮುಂದಿನ ಪ್ರಶ್ನೆ ಕೇಳಿತು: ಇಲ್ಲದವರು ಎಲ್ಲಿಗೆ ಹೋಗಿದ್ದಾರೆ? ಶಾಲೆಯಲ್ಲಿ ಇಲ್ಲದವರು ಶೇ 18.5, ಕಾರಣವಿಲ್ಲದೆ ತಪ್ಪಿಸಿಕೊಂಡವರು ಶೇ 2.5 ಮಾತ್ರ. ಉಳಿದವರು ರಜೆಯ ಮೇಲೆ, ತರಬೇತಿಗೆ, ಇಲಾಖೆಯ ಕೆಲಸಕ್ಕೆ. ಮಗುವಿಗೆ ಖಾಲಿ ಕುರ್ಚಿ ಖಾಲಿ ಕುರ್ಚಿಯೇ. ಆದರೆ ಅದನ್ನು ಖಾಲಿ ಮಾಡಿದವರು ಯಾರು ಎಂಬುದು ತಿಳಿದರೆ ತಾನೇ ತುಂಬಿಸಲು ಸಾಧ್ಯ.

ಮನೆಯ ಪಾಲು ಮತ್ತು ಶಾಲೆಯ ಪಾಲು ವಿಷಯದಿಂದ ವಿಷಯಕ್ಕೆ ಬದಲಾಗುತ್ತದೆ ಎಂಬುದು ಟೆನೆಸಿಯಲ್ಲೂ ಆಂಧ್ರದಲ್ಲೂ ಕಂಡಿತು: ಮೇಷ್ಟ್ರ ಪ್ರಭಾವ ಭಾಷೆಗಿಂತ ಗಣಿತದಲ್ಲಿ ಹೆಚ್ಚು. ಮಾತು ಮನೆಯಲ್ಲಿ ದಿನವಿಡೀ ಕಿವಿಗೆ ಬೀಳುತ್ತದೆ, ಭಿನ್ನರಾಶಿ ಬೀಳುವುದಿಲ್ಲ. ಮಿಡ್‌ಲ್ಯಾಂಡ್ಸ್‌ನ ಕನ್ನಡ ಮನೆಗಳಲ್ಲಿ ಇದನ್ನು ಸ್ಪಷ್ಟವಾಗಿ ನೋಡಬಹುದು. ಅಲ್ಲಿನ ಮಗು ಗಣಿತವನ್ನು ಬಹುಮಟ್ಟಿಗೆ ಶಾಲೆಯಿಂದ ಪಡೆಯುತ್ತದೆ. ಕನ್ನಡವನ್ನು ಅಜ್ಜಿಯ ವಿಡಿಯೊ ಕರೆಯಿಂದ, ಅಮ್ಮನ ಗದರಿಕೆಯಿಂದ ಪಡೆಯುತ್ತದೆ. ವಾರಾಂತ್ಯದಲ್ಲಿ ಸ್ವಯಂಪ್ರೇರಿತರಾಗಿ ಕನ್ನಡ ಕಲಿಸುವ ತಾಯಂದಿರಿಗೆ ವಾರಕ್ಕೆ ಸಿಗುವುದು ಒಂದೆರಡು ಗಂಟೆ. ಅಷ್ಟರಲ್ಲಿ ಅಕ್ಷರ ಕಲಿಸಬಹುದು, ಮಾತಾಡುವ ಹುರುಪು ಕೊಡಬಹುದು. ಮನೆಯಲ್ಲಿ ಕನ್ನಡವಿಲ್ಲದ ಮಗುವಿಗೆ ಇಡೀ ಭಾಷೆಯನ್ನು ಆ ಒಂದೆರಡು ಗಂಟೆಯಲ್ಲಿ ಯಾವ ಟೀಚರೂ ತುಂಬಲಾರರು. ಅದಕ್ಕೆ ಅವರನ್ನು ಹೊಣೆ ಮಾಡುವುದೂ ತಪ್ಪು.

ಇಷ್ಟೆಲ್ಲ ಅಳತೆಗಳೂ ಮೇಷ್ಟ್ರನ್ನು ಒಂಟಿಯಾಗಿ ನಿಲ್ಲಿಸಿ ನೋಡುತ್ತವೆ. ಕಿರಾಬೊ ಜಾಕ್ಸನ್ ಮತ್ತು ಎಲಿಯಾಸ್ ಬ್ರೂಗ್‌ಮನ್ 2009ರಲ್ಲಿ ನಾರ್ತ್ ಕ್ಯಾರೊಲಿನಾದ ಮಾಹಿತಿಯಿಂದ ಬೇರೊಂದನ್ನು ತೋರಿಸಿದರು. ಶಾಲೆಗೆ ಸಮರ್ಥ ಟೀಚರೊಬ್ಬರು ಸೇರಿದಾಗ ಅದೇ ತರಗತಿಯ ಪಕ್ಕದ ಸೆಕ್ಷನ್ನಿನ ಮಕ್ಕಳ ಕಲಿಕೆಯೂ ಏರುತ್ತದೆ. ಹೊಸಬ ಟೀಚರುಗಳಲ್ಲಿ ಈ ಪರಿಣಾಮ ಇನ್ನೂ ಹೆಚ್ಚು. ಅಂದರೆ ಒಬ್ಬರ ಹೆಸರಿನಲ್ಲಿ ಬರೆದುಕೊಂಡ ಅಂಕಿಯಲ್ಲಿ ಪಕ್ಕದ ಕೋಣೆಯವರ ಪಾಲೂ ಇದೆ.

ಕರ್ನಾಟಕದಲ್ಲಿ ಇದಕ್ಕೆ ಜೀವಂತ ಉದಾಹರಣೆ ನಲಿಕಲಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ತಾವೇ ಕೂತು ಕಲಿಕೆಯ ಕಾರ್ಡುಗಳನ್ನು ಬರೆದರು, ಹಾಡು ಕಟ್ಟಿದರು. ಪ್ರತಿ ಮಗು ತಾನು ನಿಂತ ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ತನ್ನ ವೇಗದಲ್ಲಿ ಹೋಗುವ ಏರ್ಪಾಡು ಅದು. 2009-10ರಲ್ಲಿ ಸರ್ಕಾರ ಅದನ್ನು ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗೆ ವಿಸ್ತರಿಸಿತು. ಕಾರ್ಡು ಎಲ್ಲ ಶಾಲೆಗೂ ತಲುಪಿತು. ಎಚ್.ಡಿ. ಕೋಟೆಯ ಮೇಷ್ಟ್ರು ಒಟ್ಟಿಗೆ ಕೂತು ಬರೆದು, ತಿದ್ದಿ, ಮತ್ತೆ ಬರೆದ ಆ ಅನುಭವವನ್ನು ಸುತ್ತೋಲೆಯಲ್ಲಿ ಕಳಿಸಲು ಬರುವುದಿಲ್ಲ.

ಟಿವಿಡೇಲ್‌ಗೆ ಕೂಗಳತೆಯಲ್ಲಿರುವ ಬರ್ಮಿಂಗ್‌ಹ್ಯಾಮ್‌ನಲ್ಲಿ 1993ರಿಂದ 2002ರವರೆಗೆ ಶಿಕ್ಷಣಾಧಿಕಾರಿಯಾಗಿದ್ದ ಟಿಮ್ ಬ್ರಿಗ್‌ಹೌಸ್ ಅಂಕಿಗಳನ್ನು ಇದೇ ದಿಕ್ಕಿಗೆ ತಿರುಗಿಸಿದರು. ಬಡತನ, ಮಕ್ಕಳ ಹಿಂದಿನ ಮಟ್ಟ ಇತ್ಯಾದಿ ಒಂದೇ ಬಗೆಯಾಗಿರುವ ಶಾಲೆಗಳನ್ನು ಗುಂಪು ಮಾಡಿ, ಆ ಗುಂಪಿನೊಳಗೆ ಮಾತ್ರ ಹೋಲಿಸುವುದು. ನಿಮ್ಮಂಥದೇ ಮಕ್ಕಳಿರುವ ಶಾಲೆಯೊಂದು ಗಣಿತದಲ್ಲಿ ನಿಮಗಿಂತ ಮುಂದಿದ್ದರೆ ನಿಮ್ಮ ಗಣಿತದ ಟೀಚರ್ ಹೋಗಿ ಅಲ್ಲಿ ಕೂತು ನೋಡಿ ಬರುವುದು. ಲಂಡನ್ನಿನ ಶಾಲೆಗಳನ್ನು ಸುಧಾರಿಸಲು 2003ರಲ್ಲಿ ಆರಂಭವಾದ ಲಂಡನ್ ಚಾಲೆಂಜ್‌ಗೂ ಅವರು ಈ ಕ್ರಮವನ್ನೇ ಒಯ್ದರು. ಯಾದಗಿರಿಯನ್ನು ಉಡುಪಿಯ ಪಕ್ಕ ನಿಲ್ಲಿಸುವ ಬದಲು ಯಾದಗಿರಿಯಂಥದೇ ಮಕ್ಕಳಿರುವ, ಸ್ವಲ್ಪ ಮುಂದಿರುವ ಶಾಲೆಗಳನ್ನು ಅದೇ ಜಿಲ್ಲೆಯಲ್ಲಿ, ಪಕ್ಕದ ರಾಯಚೂರು, ಕಲಬುರಗಿಗಳಲ್ಲಿ ಹುಡುಕುವುದು ನಮಗೂ ಸಾಧ್ಯ. ಎಸ್ಸೆಸ್ಸೆಲ್ಸಿ ಮಂಡಳಿಯ ಬಳಿ ಹತ್ತನೆಯ ತರಗತಿಯ ಅಂಕಗಳಿವೆ. ಏಳು ಎಂಟನೆಯ ತರಗತಿಯಲ್ಲಿ ಆ ಮಗು ಎಲ್ಲಿತ್ತು ಎಂಬುದು ಮೇಷ್ಟ್ರ ಮೌಲ್ಯಾಂಕನ ಪುಸ್ತಕಗಳಲ್ಲಿದೆ. ಎರಡನ್ನೂ ಒಂದೆಡೆ ಇಟ್ಟು ನೋಡುವ ಕೆಲಸ ಬಾಕಿ ಇದೆ.